ಹಳೇ ಪ್ಲೇಸ್ಟೇಷನ್ (ಪಿಎಸ್1, ಪಿಎಸ್2) ಗೇಮ್ ಡಿಸ್ಕುಗಳು ಕೆಡೋ ಮುಂಚೆ ಕಾಪಿ ಮಾಡಿಡೋದು ಹೇಗೆ?

ಕ್ಯಾತ್ಸಂದ್ರದ ಮನೆ ಅಟ್ಟದಲ್ಲಿ, ಶೀಟಿನ ಕೆಳಗೆ ಇಟ್ಟಿದ್ದೀನಿ ಅಂದಿದ್ದೀರಿ. ಮೊದಲು ಅಲ್ಲಿಂದ ಇಳಿಸಿ. ತುಮಕೂರಿನ ಏಪ್ರಿಲ್ ಬಿಸಿಲಲ್ಲಿ ಶೀಟಿನಡಿ ನಾವೇ ನಿಲ್ಲೋಕಾಗಲ್ಲ.

ಕೆಳಗಡೆ ಗೀರಿಲ್ಲ, ಆದ್ದರಿಂದ ಚೆನ್ನಾಗಿವೆ ಅಂತೀರಲ್ಲ, ಎಲ್ಲರೂ ಏಮಾರೋದು ಅಲ್ಲೇ. ಸಿಡಿಯ ಡೇಟಾ ಇರೋದು ಚಿತ್ರ ಅಚ್ಚಾಗಿರೋ ಮೇಲ್ಗಡೆ ಪಕ್ಕದಲ್ಲಿ. ತೆಳು ಅಲ್ಯೂಮಿನಿಯಂ ಪದರ, ಅದರ ಮೇಲೆ ಒಂದು ಕೋಟು ಲ್ಯಾಕರ್, ಅಷ್ಟೇ. ಕೆಳಗಿನ ಗೀರನ್ನ ಪಾಲಿಶ್ ಮಾಡಿ ತೆಗೀಬಹುದು, ಮೇಲಿನ ಪದರ ಕಿತ್ತರೆ ಹೋಯ್ತು. ಡಿವಿಡಿಯಲ್ಲಿ ಅದೇ ಪದರ 0.6 ಮಿ.ಮೀ. ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತೆ. ಅಂಟು ಬಿಟ್ಟುಕೊಂಡರೆ ಗಾಳಿ, ತೇವ ಒಳಗೆ ಹೋಗಿ ಕಿಲುಬು ಹಿಡಿಯುತ್ತೆ.

ಆಗಿನ ಕಾಲದಲ್ಲಿ ಅಂಗಡೀಲಿ ಬರೆಸಿಕೊಂಡ ಡಿಸ್ಕುಗಳ ಆಸೆ ಬಿಡಿ. ಕಾನೂನು ನಿಮ್ಮ ಪರ ನಿಲ್ಲೋದು ಅಸಲಿ ಡಿಸ್ಕಿಗೆ ಮಾತ್ರ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಕಾನೂನುಬದ್ಧವಾಗಿ ಪಡೆದ ಪ್ರೋಗ್ರಾಮಿಗೆ ಕಳೆದರೆ ಕೆಟ್ಟರೆ ಇರಲಿ ಅಂತ ಬ್ಯಾಕಪ್ ಮಾಡಿಕೊಳ್ಳೋಕೆ ಬಿಡುತ್ತೆ.

ಯುಎಸ್‌ಬಿ ಡಿವಿಡಿ ಡ್ರೈವ್ ಒಂದಿದ್ದರೆ ಸಾಕು, ಇಮ್ಗ್‌ಬರ್ನ್ ಅನ್ನೋ ಕಾಪಿ ಮಾಡೋ ಪ್ರೋಗ್ರಾಮು ಪುಕ್ಕಟೆ ಸಿಗುತ್ತೆ. ಪಿಎಸ್2 ಡಿವಿಡಿಗೆ ಐಎಸ್ಒ ಫೈಲು ಮಾಡಿ, ಅಂದ್ರೆ ಇಡೀ ಡಿಸ್ಕಿನ ನಕಲು ಒಂದೇ ಫೈಲಿನಲ್ಲಿ. ಪಿಎಸ್1ಗೆ ಐಎಸ್ಒ ಬೇಡವೇ ಬೇಡ. ಎಷ್ಟೋ ಗೇಮುಗಳಲ್ಲಿ ಸಂಗೀತ ಬೇರೆ ಆಡಿಯೊ ಟ್ರ್ಯಾಕಿನಲ್ಲಿರುತ್ತೆ, ಐಎಸ್ಒದಲ್ಲಿ ಅದು ಬಿಟ್ಟುಹೋಗುತ್ತೆ. ಬಿನ್/ಕ್ಯೂ ಅನ್ನೋ ಜೋಡಿ ಫೈಲು ಮಾಡಿ: ಬಿನ್‌ನಲ್ಲಿ ಆಡಿಯೊ ಸಮೇತ ಡೇಟಾ, ಕ್ಯೂನಲ್ಲಿ ಟ್ರ್ಯಾಕುಗಳ ಪಟ್ಟಿ. ತಳ ನೀಲಿ ಇರೋ ಪಿಎಸ್2 ಡಿಸ್ಕುಗಳೂ ಸಿಡಿಗಳೇ, ಅವಕ್ಕೂ ಇದೇ.

ಕಾಪಿ ಆಯ್ತು ಅಂತ ಎದ್ದುಬಿಡಬೇಡಿ. ಅರೆಬರೆ ಓದಿದ ಡಿಸ್ಕಿನ ಫೈಲೂ ನೋಡೋಕೆ ಸರಿಯಾಗೇ ಇರುತ್ತೆ, ಆರನೇ ಲೆವೆಲ್ಲಿಗೆ ಹೋದಾಗ ನಿಂತುಬಿಡುತ್ತೆ. 7-ಜಿಪ್ ಅನ್ನೋ ಪ್ರೋಗ್ರಾಮು ಹಾಕಿಕೊಂಡು ಐಎಸ್ಒ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-1 ತೆಗೀರಿ, ಅದು ಫೈಲಿನ ಬೆರಳಚ್ಚಿನಂಥ ಸಂಖ್ಯೆ. ಅಸಲಿ ಡಿಸ್ಕುಗಳ ಇಂಥ ಸಂಖ್ಯೆಗಳನ್ನ ಪಟ್ಟಿ ಮಾಡಿರೋ ರೀಡಂಪ್ ಅನ್ನೋ ತಾಣದಲ್ಲಿ ಡಿಸ್ಕಿನ ಮೇಲಿರೋ ಎಸ್‌ಎಲ್‌ಇಎಸ್ ಅಂತ ಶುರುವಾಗೋ ನಂಬರು ಹುಡುಕಿ, ಅಲ್ಲಿನ ಸಂಖ್ಯೆ ಜೊತೆ ಹೋಲಿಸಿ. ಒಂದಕ್ಷರ ತಪ್ಪಿದರೂ ಡಿಸ್ಕು ಒರೆಸಿ ಇನ್ನೊಂದು ಡ್ರೈವಿನಲ್ಲಿ ಓದಿಸಿ. ನನ್ನ ಅನುಭವದಲ್ಲಿ, ಒಂದು ಡ್ರೈವ್ ಕೈಯೆತ್ತಿದ್ದನ್ನ ಇನ್ನೊಂದು ಸಲೀಸಾಗಿ ಓದಿದ್ದುಂಟು.

ಜಾಗದ ಚಿಂತೆ ಬೇಡ. ಎರಡು ಪದರದ ಡಿವಿಡಿನೇ 8.5 ಜಿಬಿ, ನಿಮ್ಮ ಇಪ್ಪತ್ತು ಚಿಲ್ಲರೆ ಡಿಸ್ಕು ಒಂದು ಸಾಧಾರಣ ಹಾರ್ಡ್ ಡಿಸ್ಕಿಗೆ ಏನೇನೂ ಅಲ್ಲ. ಎರಡರಲ್ಲಿ ಇಡಿ, ಒಂದನ್ನ ಬೇರೆ ಮನೇಲಿಡಿ.

ನೀವು ಕೇಳದೇ ಇರೋದು ಒಂದಿದೆ: ಸೇವ್ ಫೈಲುಗಳು ಡಿಸ್ಕಿನಲ್ಲಿಲ್ಲ, ಮೆಮೊರಿ ಕಾರ್ಡುಗಳಲ್ಲಿವೆ. ಅಟ್ಟ ಹತ್ತಿದಾಗ ಅವನ್ನೂ ಹುಡುಕಿ ತನ್ನಿ.