ಸಂಪಾದಕರ ಉತ್ತರ: ಮೂರು ತಿಂಗಳ ಬಿಡುವು, ಮಗ್ಗ ಮತ್ತು ಪುಸ್ತಕದ ಕಪಾಟು

ಮಾನ್ಯರೇ,

ಉದ್ಯೋಗದಿಂದ 3 ತಿಂಗಳ ಬಿಡುವು ಪಡೆದು, ನೇಕಾರರೂ ಕುಂಬಾರರೂ ಇರುವ ಹಳ್ಳಿಯೊಂದರಲ್ಲಿ ಸ್ವಯಂಸೇವೆ ಮಾಡಲು ಹೊರಟಿರುವುದಾಗಿ ಬರೆದಿದ್ದೀರಿ. ಕುಶಲಕರ್ಮಿಗಳಿಗೆ ಹೊಸ ವಿನ್ಯಾಸಗಳನ್ನು ಕಲಿಸಿ, ಅಲ್ಲಿನ ಸಮುದಾಯ ಗ್ರಂಥಾಲಯಕ್ಕೆ 500 ಪುಸ್ತಕಗಳನ್ನು ಒಯ್ದು ಕೊಟ್ಟರೆ ಸರಿಯಾದ ಆರಂಭವಾದೀತೇ ಎಂದು ಕೇಳಿದ್ದೀರಿ. ಎರಡನ್ನೂ ಸದ್ಯಕ್ಕೆ ಬದಿಗಿಡಿ ಎನ್ನಬೇಕಾಗಿದೆ, ಬೇಸರಿಸಬೇಡಿ.

ಹೊಸ ನಮೂನೆಯನ್ನು ಮಗ್ಗಕ್ಕೆ ತರುವುದು ಕಾಗದದ ಮೇಲೆ ಚಿತ್ರ ಬರೆದಷ್ಟು ಸುಲಭವಲ್ಲ. ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ, ಎಳೆಗಳ ಲೆಕ್ಕ ಬದಲಾಗಬಹುದು, ಬೇರೆ ಬಣ್ಣದ ನೂಲು ಕೊಳ್ಳಬೇಕಾಗಬಹುದು, ಕೈ ಪಳಗುವವರೆಗೆ ದಿನದ ನೇಯ್ಗೆಯೂ ಕುಗ್ಗುತ್ತದೆ. ಆ ಬಟ್ಟೆ ಮಾರಾಟವಾಯಿತೋ ಇಲ್ಲವೋ ಎಂದು ತಿಳಿಯುವ ಹೊತ್ತಿಗೆ ನೀವು ಊರಿಗೆ ಮರಳಿರುತ್ತೀರಿ. ಅವರು ಒಪ್ಪುವುದಾದರೆ ಬೆಲೆ ಕಟ್ಟುವ ಲೆಕ್ಕದಲ್ಲಿ ನೆರವಾಗಿ. ಮನೆಯಲ್ಲೇ ದುಡಿಯುವವರು ಸಾಮಗ್ರಿಯ ಖರ್ಚನ್ನು ಮರೆಯದಿದ್ದರೂ, ನೂಲು ಸುತ್ತಿಕೊಡುವ, ಮಣ್ಣು ಹದಮಾಡುವ ಮನೆಮಂದಿಯ ದುಡಿಮೆಯನ್ನೂ, ಸುಡುವ ಆವಿಗೆಯಲ್ಲಿ ಬಿರಿದುಹೋದ ಮಡಕೆಗಳನ್ನೂ ಬೆಲೆಗೆ ಸೇರಿಸದೆ ಬಿಡುವುದುಂಟು. ಹದಿನೈದು ದಿನ ಜೊತೆಗಿದ್ದು, ಯಾವ ಕೆಲಸಕ್ಕೆ ಯಾರ ಎಷ್ಟು ಗಂಟೆ ಹೋಯಿತೆಂದು ಅವರದೇ ಪುಸ್ತಕದಲ್ಲಿ ಬರೆದಿಟ್ಟರೆ, ವ್ಯಾಪಾರಿಯೊಡನೆ ಚೌಕಾಸಿಗೆ ಕೂರುವಾಗ ಅವರ ಬಳಿ ಗಟ್ಟಿ ಲೆಕ್ಕವಿರುತ್ತದೆ. ನೀವು ಪ್ರಶ್ನೆ ಕೇಳುತ್ತಾ ಕೂತಷ್ಟು ಹೊತ್ತು ಮಗ್ಗ ನಿಂತಿರುತ್ತದೆ ಎಂಬುದೂ ನೆನಪಿರಲಿ. ಕಸುಬು ಕಲಿಯುವುದಾದರೆ ಆ ದಿನದ ಗಳಿಕೆಯಷ್ಟನ್ನಾದರೂ ಕೊಡಿ. ನಿಮ್ಮದು ಸಂಬಳವಿಲ್ಲದ ಸೇವೆ ಎಂಬ ಕಾರಣಕ್ಕೆ ಅವರ ಸಮಯ ಪುಕ್ಕಟೆಯಾಗಬಾರದು. ಹಾಗೆಯೇ, ಕೇಳದೆ ನಮೂನೆಗಳ ಫೋಟೊ ಹಂಚಿದರೆ ಅವು ಬೇರೆಯವರ ಯಂತ್ರಮಗ್ಗ ಸೇರಲು ತಡವಾಗದು.

ದಾನದ ಪುಸ್ತಕಗಳ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ನಮ್ಮ ಕಚೇರಿಗೆ ಬರುವ ಪೆಟ್ಟಿಗೆಗಳಲ್ಲೂ ಹಳೆಯ ಪರೀಕ್ಷಾ ಕೈಪಿಡಿಗಳೇ ತುಂಬಿರುತ್ತವೆ. ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಓದಲು ಬರುವವರು ಏನು ಕೇಳಿ ಸಿಗದೆ ಹಿಂದಿರುಗಿದರು ಎಂಬುದನ್ನು ಒಂದು ತಿಂಗಳು ಬರೆದಿಡಿ. ಕೊಳ್ಳಬೇಕಾದ ಪಟ್ಟಿ ಅಲ್ಲೇ ಸಿದ್ಧವಾಗುತ್ತದೆ. ದುಡಿಮೆ ಮುಗಿಸಿ ಬರುವವರಿಗೆ ಸಂಜೆ ಬಾಗಿಲು ತೆರೆದಿರುತ್ತದೆಯೇ, ನೀವು ಹೋದ ಮೇಲೆ ಬೀಗದ ಕೈ ಮತ್ತು ಎರವಲು ಕೊಟ್ಟದ್ದನ್ನು ಬರೆದಿಡುವ ಪುಸ್ತಕ ಊರಿನ ಯಾರ ವಶದಲ್ಲಿರುತ್ತವೆ ಎಂಬುದನ್ನು ಮೊದಲ ವಾರದಲ್ಲೇ ಅವರೊಡನೆ ಕೂತು ತೀರ್ಮಾನಿಸಿಕೊಳ್ಳಿ.

ಮಗ್ಗವೂ ಗ್ರಂಥಾಲಯವೂ ಕೂಡುವ ಕೆಲಸವೊಂದಿದೆ. ಅದಕ್ಕೆ ನಿಮ್ಮ ಉಳಿದ ದಿನಗಳನ್ನೆಲ್ಲ ಕೊಡಬಹುದು. ಯುನೆಸ್ಕೊದ 2003ರ ಅಮೂರ್ತ ಪರಂಪರೆಯ, ಅಂದರೆ ಕಟ್ಟಡ, ವಸ್ತುಗಳಲ್ಲದೆ ಜನರ ರೂಢಿ, ವಿದ್ಯೆಗಳಲ್ಲಿ ಉಳಿದುಬಂದ ಪರಂಪರೆಯ, ಒಪ್ಪಂದವು ಸಾಂಪ್ರದಾಯಿಕ ಕರಕೌಶಲವನ್ನೂ ಒಳಗೊಳ್ಳುತ್ತದೆ. ತಯಾರಾದ ವಸ್ತುವಿಗಿಂತ ಕೈಯಲ್ಲಿರುವ ವಿದ್ಯೆಗೂ ಅದು ಮುಂದಿನ ತಲೆಮಾರಿಗೆ ದಾಟುವುದಕ್ಕೂ ಅಲ್ಲಿ ಒತ್ತು. ಉಪಕರಣಗಳ ಹೆಸರು, ಎಳೆಗಳ ಎಣಿಕೆ, ಮಣ್ಣಿನ ಹದವನ್ನು ಗುರುತಿಸುವ ಬಗೆ ಇವನ್ನು ಹಿರಿಯರ ಧ್ವನಿಯಲ್ಲೇ ಮುದ್ರಿಸಿಕೊಂಡು, ಅವರ ಮಕ್ಕಳ ಕೈಯಲ್ಲೇ ಬರೆಸಿ, ಒಂದು ಪ್ರತಿಯನ್ನು ಹೇಳಿದವರ ಮನೆಯಲ್ಲೂ ಇನ್ನೊಂದನ್ನು ಗ್ರಂಥಾಲಯದಲ್ಲೂ ಇಡಿ. ಬಣ್ಣದ ಪಾಕವನ್ನು ಹೊರಗೆ ಹೇಳಬಾರದೆಂದರೆ ಅದನ್ನು ಬರೆಯಲೇಬೇಡಿ.

ಹೊರಡುವ ಮುನ್ನ ಗ್ರಂಥಾಲಯ ನೋಡಿಕೊಳ್ಳುವವರಿಗೂ ಕುಶಲಕರ್ಮಿಗಳಿಗೂ ಪತ್ರ ಬರೆದು, ಯಾವ ತಿಂಗಳು ಬಂದರೆ ಅವರಿಗೆ ತೊಡಕಾಗದು ಎಂದು ಕೇಳಿ. ಉತ್ತರ ಬರುವವರೆಗೆ ಪುಸ್ತಕದ ಪೆಟ್ಟಿಗೆ ಕಟ್ಟಬೇಡಿ.

— ಸಂಪಾದಕ