ಫಾಯಿಲ್ ಬೋರ್ಡ್‌ನ ಟ್ರ್ಯಾಕ್ ಪಕ್ಕ ಬಿರುಕು ಬಿಟ್ಟಿದೆ. ತೂತು ಕೊರೆದು ಎಪಾಕ್ಸಿ ತುಂಬಿಸಿದರೆ ಸಾಕೇ? ಯಾವ ಎಪಾಕ್ಸಿ ಒಳ್ಳೆಯದು? ಇಲ್ಲವೇ ಹೊಸ ಬೋರ್ಡನ್ನೇ ಕಟ್ಟಿಬಿಡಲೇ?

ತುಂಬಿಸಬೇಡಿ. ನಾನು ತುಂಬಿಸಿದ್ದೆ.

(ಗೊತ್ತಿಲ್ಲದವರಿಗೆ: ಫಾಯಿಲ್ ಬೋರ್ಡ್ ಎಂದರೆ ಕೆಳಗೆ ಕಂಬದ ತುದಿಯಲ್ಲಿ ನೀರೊಳಗೆ ಓಡುವ ರೆಕ್ಕೆಯಿರುವ ಸರ್ಫ್ ಹಲಗೆ. ಆ ಕಂಬವೇ ಮಾಸ್ಟ್, ಅದನ್ನು ಬೋಲ್ಟ್ ಮಾಡಲು ತಳದಲ್ಲಿ ಹೂತಿರುವ ಎರಡು ಪಟ್ಟಿಗಳೇ ಟ್ರ್ಯಾಕ್.) ಅದೇ ಬಿರುಕು, ಅದೇ ಜಾಗ. ಎಡ ಟ್ರ್ಯಾಕಿನ ಹಿಂತುದಿಯಿಂದ ಹೊರಟು ಕೂದಲೆಳೆಯ ಹಾಗೆ ಒಂದು ಗೇಣು ಓಡಿತ್ತು. ಮಾಸ್ಟ್ ಹಿಡಿದು ಅಲ್ಲಾಡಿಸಿದರೆ ಬಿರುಕು ಬಾಯಿ ತೆರೆದು ಮುಚ್ಚುತ್ತಿತ್ತು, ಒಂದೆರಡು ಹನಿ ನೀರು ಜಿನುಗುತ್ತಿತ್ತು. ಟ್ರ್ಯಾಕಿನ ಸುತ್ತ ಪೊಳ್ಳಾಗಿದೆ, ಪೊಳ್ಳು ತುಂಬಿದರೆ ಗಟ್ಟಿಯಾಗುತ್ತದೆ ಎಂದು ನಿಮ್ಮ ಹಾಗೆಯೇ ಲೆಕ್ಕ ಹಾಕಿದೆ. 6 ಮಿ.ಮೀ. ಬಿಟ್‌ನಲ್ಲಿ ನಾಲ್ಕು ತೂತು ಕೊರೆದು ಸಿರಿಂಜಿನಲ್ಲಿ ಇಳಿಸಿದೆ. ಇಳಿಯುತ್ತಲೇ ಇತ್ತು. ಒಟ್ಟು 300 ಗ್ರಾಂ ಹಿಡಿಯಿತು, ಅದೂ ಬೇಗ ಗಟ್ಟಿಯಾಗುವ ಹಾರ್ಡನರ್ ಹಾಕಿದ್ದು. ಬೋರ್ಡಿಗೆ ಬೆನ್ನುಮೂಳೆ ಕೊಟ್ಟೆ ಅಂದುಕೊಂಡೆ. ಕೊಟ್ಟದ್ದು ಕೆಂಡ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡಿದರೆ ಇದು ಕಾಣುವುದೇ ಇಲ್ಲ. ಎಪಾಕ್ಸಿ ಬಣ್ಣದ ಹಾಗೆ ಒಣಗುವ ವಸ್ತುವಲ್ಲ. ರೆಸಿನ್ ಮತ್ತು ಹಾರ್ಡನರ್ ಸೇರಿ ಪ್ರತಿಕ್ರಿಯೆ ನಡೆದು ಗಟ್ಟಿಯಾಗುತ್ತದೆ, ನಡೆಯುವಾಗ ಶಾಖ ಬಿಡುತ್ತದೆ. ತೆಳುವಾಗಿ ಹಚ್ಚಿದರೆ ಆ ಶಾಖ ಗಾಳಿಗೆ ಹೋಗುತ್ತದೆ, ಕೈಗೂ ತಿಳಿಯುವುದಿಲ್ಲ. ಮುಷ್ಟಿಯಷ್ಟು ಉಂಡೆಯಾದರೆ ನಡುವಿನ ಶಾಖಕ್ಕೆ ದಾರಿಯಿಲ್ಲ. ಬಿಸಿಯಾದಂತೆ ಪ್ರತಿಕ್ರಿಯೆ ಇನ್ನೂ ಜೋರು, ಜೋರಾದಂತೆ ಇನ್ನೂ ಬಿಸಿ. ಅದರ ಮೇಲೆ ಸುತ್ತ ಇರುವುದು ಇಪಿಎಸ್ ಫೋಮ್, ಎಂದರೆ ನಾವು ಥರ್ಮಾಕೋಲ್ ಅನ್ನುವುದೇ. ಶಾಖ ಹೊರಹೋಗದಂತೆ ತಡೆಯುವುದರಲ್ಲಿ ಅದನ್ನು ಮೀರಿಸುವ ವಸ್ತು ಕಡಿಮೆ. 300 ಗ್ರಾಂ ಉಂಡೆ ಇಂಥ ಕಡೆ ಕೂತರೆ 150 ಡಿಗ್ರಿ ಸೆಲ್ಸಿಯಸ್ ದಾಟುವುದು ದೊಡ್ಡ ಮಾತಲ್ಲ. ಥರ್ಮಾಕೋಲ್ 80ರ ಆಸುಪಾಸಿನಲ್ಲೇ ಮೆತ್ತಗಾಗಲು ಶುರು, 100 ದಾಟಿದರೆ ಕುಗ್ಗಿ ಮುದುಡಿಕೊಳ್ಳುತ್ತದೆ. ನಾನು ಪೊಳ್ಳು ತುಂಬಿಸುತ್ತಿದ್ದೆ, ಪೊಳ್ಳು ಹಿಂದಕ್ಕೆ ಸರಿಯುತ್ತಿತ್ತು.

ಗಟ್ಟಿಯಾದ ಮೇಲೆ ಉಳಿದದ್ದು ಏನು? ಟ್ರ್ಯಾಕಿಗೆ ಅಂಟಿದ ಕಲ್ಲಿನಂಥ ಒಂದು ಉಂಡೆ, ಅದರ ಸುತ್ತ ಬೆರಳು ತೂರುವಷ್ಟು ಖಾಲಿ. ಮೇಲೆ ತಟ್ಟಿದರೆ ಟ್ರ್ಯಾಕಿನ ಜಾಗ ಟಣ್ ಅನ್ನುತ್ತಿತ್ತು. ಅದರಾಚೆ ಒಂದು ಸುತ್ತು ಮಾತ್ರ ಡಬ್ ಡಬ್. ಅದು ಕೇಳಿಸಿತ್ತು, ಥರ್ಮಾಕೋಲಿನ ಸದ್ದೇ ಹೀಗೆ ಎಂದು ಬಿಟ್ಟೆ. ನಾಲ್ಕನೇ ಸಲ ನೀರಿಗಿಳಿಸಿದಾಗ ಎರಡೂ ಟ್ರ್ಯಾಕ್, ಉಂಡೆ, ತಳದ ಹೊದಿಕೆ ಎಲ್ಲ ಬೇರು ಸಮೇತ ಕಿತ್ತ ಹಲ್ಲಿನ ಹಾಗೆ ಈಚೆ ಬಂದವು. ಒಂದು ಗೇಣಿನ ರಿಪೇರಿ ಅರ್ಧ ಮೀಟರಿನ ಗುಂಡಿಯಾಯಿತು.

ಹಾಗಾದರೆ ನಿಧಾನದ ಹಾರ್ಡನರ್ ಹಾಕಿ ಸ್ವಲ್ಪ ಸ್ವಲ್ಪವೇ ತುಂಬಿಸಿದರೆ? ಆಗಲೂ ಪ್ರಯೋಜನವಿಲ್ಲ. ಒರಟು ಲೆಕ್ಕ ಹಾಕಿ ನೋಡಿ. ತಿರುವಿನಲ್ಲಿ ರೆಕ್ಕೆಯ ಮೇಲೆ ಪಕ್ಕದಿಂದ ಬರೀ 20 ಕೆ.ಜಿ. ಒತ್ತಡ ಬಿತ್ತು ಅನ್ನಿ. ಮಾಸ್ಟ್ 85 ಸೆಂ.ಮೀ. ಉದ್ದದ ಹಾರೆ. ಎರಡು ಟ್ರ್ಯಾಕುಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ, 9 ಸೆಂ.ಮೀ. ಮಾತ್ರ. 20ನ್ನು 85ರಿಂದ ಗುಣಿಸಿ 9ರಿಂದ ಭಾಗಿಸಿದರೆ ಸುಮಾರು 190. ಅಷ್ಟು ಕೆ.ಜಿ. ಭಾರ ಒಂದು ಟ್ರ್ಯಾಕನ್ನು ಒಳಕ್ಕೆ ತಳ್ಳುತ್ತದೆ, ಇನ್ನೊಂದನ್ನು ಹೊರಕ್ಕೆ ಎಳೆಯುತ್ತದೆ, ಮುಂದಿನ ತಿರುವಿನಲ್ಲಿ ಅದಲುಬದಲು. ನಿಮ್ಮ ಟ್ರ್ಯಾಕ್ ಬರೀ ತಳದ ಹೊದಿಕೆಯನ್ನೂ ಕೆಳಗಿನ ಥರ್ಮಾಕೋಲನ್ನೂ ನಂಬಿ ಕೂತಿದ್ದರೆ ಬಿರುಕು ಬಿಟ್ಟದ್ದು ಅಪಘಾತವಲ್ಲ. ತಳ ಮತ್ತು ಡೆಕ್ (ನಾವು ನಿಲ್ಲುವ ಮೇಲ್ಮೈ) ಎರಡೂ ಸೇರಿ ಹೊರಬೇಕಾದ ಭಾರವನ್ನು ತಳ ಒಂದೇ ಹೊರುತ್ತಿದೆ. ಅದಕ್ಕೇ ‘ಯಾವ ಎಪಾಕ್ಸಿ’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲ್ಯಾಮಿನೇಟ್ ಮಾಡಲು, ಎಂದರೆ ಗಾಜಿನ ಬಟ್ಟೆಯ ಪದರ ಅಂಟಿಸಲು, ಬಳಸುವ ಯಾವುದೇ ನಿಧಾನದ ಎಪಾಕ್ಸಿ ನಡೆಯುತ್ತದೆ. ಪಾಲಿಯೆಸ್ಟರ್ ರೆಸಿನ್ ಮಾತ್ರ ಬೇಡ, ಅದರಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ.

ಮಾಡಬೇಕಾದದ್ದು ಇದು: ಟ್ರ್ಯಾಕಿನ ಜಾಗವನ್ನೇ ಕತ್ತರಿಸಿ ತೆಗೆದು, ತಳದಿಂದ ಡೆಕ್ಕಿನವರೆಗೆ ಮುಟ್ಟುವ ಗಟ್ಟಿ ಫೋಮಿನ ಬ್ಲಾಕ್ ಕೂರಿಸಿ, ಅದರಲ್ಲಿ ಟ್ರ್ಯಾಕ್ ಹೂಳುವುದು. ಕತ್ತಿ ಹಿಡಿಯುವ ಮೊದಲು ಬೋರ್ಡ್ ಒಣಗಬೇಕು. ಗಾಳಿ ಬಿಡುವ ವೆಂಟ್ ಸ್ಕ್ರೂ ಬಿಚ್ಚಿ. ಬಿರುಕಿನ ಪಕ್ಕ, ಹೇಗೂ ಕತ್ತರಿಸುವ ಜಾಗದಲ್ಲೇ, ಎರಡು ಮೂರು ತೂತು ಕೊರೆದು, ತೂತು ಕೆಳಗೆ ಬರುವಂತೆ ನಿಲ್ಲಿಸಿ. ಎರಡು ದಿನಕ್ಕೊಮ್ಮೆ ತೂಕ ಹಾಕಿ ಬರೆದಿಡಿ. ಸತತ ಮೂರು ಸಲ ಒಂದೇ ತೂಕ ಬಂದರೆ ಒಣಗಿದೆ. ವಾರಗಳೇ ಹಿಡಿಯಬಹುದು. ಬೇಗ ಒಣಗಲೆಂದು ಬಿಸಿಲಿಗೆ ಇಡಬೇಡಿ. ಕಪ್ಪು ಕಾರ್ಬನ್ ಹೊದಿಕೆ ಬಿಸಿಲಲ್ಲಿ ಕಾದರೆ ಒಳಗಿನ ಗಾಳಿ ಹಿಗ್ಗಿ ಹೊದಿಕೆಯೇ ಫೋಮಿನಿಂದ ಬಿಟ್ಟುಕೊಳ್ಳುತ್ತದೆ.

ನಾಣ್ಯದಿಂದ ತಟ್ಟಿ, ಸದ್ದು ಮಂಕಾದ ಎಲ್ಲೆಯನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಆ ಗೆರೆಯಿಂದ ಕನಿಷ್ಠ 30 ಮಿ.ಮೀ. ಆಚೆಗೆ ಆಯತ ಎಳೆದು ಕತ್ತರಿಸಿ, ಮೂಲೆಗಳನ್ನು ದುಂಡಗೆ ಬಿಡಿ. ಚೂಪು ಮೂಲೆ ಮುಂದಿನ ಬಿರುಕಿಗೆ ಬೀಜ. ಉದಾಹರಣೆಗೆ 420 × 180 ಮಿ.ಮೀ. ಅನ್ನೋಣ. ಹೊದಿಕೆ ಕತ್ತರಿಸಲು ಮಲ್ಟಿ-ಟೂಲ್ ಸಾಕು. ಒಳಗಿನ ಫೋಮನ್ನು ಉದ್ದನೆಯ ಗರಗಸದ ಅಲಗಿನಿಂದ, ಕೊನೆಯ 3 ಮಿ.ಮೀ. ಮಾತ್ರ ಸ್ಯಾಂಡ್‌ಪೇಪರಿನಿಂದ, ಡೆಕ್ ಹೊದಿಕೆಯ ಒಳಮೈ ಕಾಣುವವರೆಗೆ ತೆಗೆಯಿರಿ. ಇಲ್ಲಿ ಅವಸರ ಮಾಡಿದರೆ ಡೆಕ್ಕಿಗೂ ತೂತು. ಗಾಜು, ಕಾರ್ಬನ್ ಪುಡಿಗೆ ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್, ಎಪಾಕ್ಸಿಗೆ ನೈಟ್ರೈಲ್ ಕೈಗವಸು. ಕಾರ್ಬನ್ ಪುಡಿಯಲ್ಲಿ ವಿದ್ಯುತ್ ಹರಿಯುತ್ತದೆ, ಯಂತ್ರದ ಮೋಟಾರಿನೊಳಗೆ ಹೋದರೆ ಶಾರ್ಟ್ ಆಗುತ್ತದೆ. ವ್ಯಾಕ್ಯೂಮ್ ಪಕ್ಕದಲ್ಲೇ ಓಡುತ್ತಿರಲಿ. ಚರ್ಮಕ್ಕೆ ಎಪಾಕ್ಸಿ ತಾಗಿದರೆ ಸೋಪು ನೀರು, ಅಸಿಟೋನ್ ಅಲ್ಲ. ಎಪಾಕ್ಸಿ ಅಲರ್ಜಿ ಒಮ್ಮೆ ಹತ್ತಿಕೊಂಡರೆ ಬಿಡುವುದಿಲ್ಲ.

ಇನ್ನು ಬ್ಲಾಕ್. ಇದು ರಿಪೇರಿಯ ಜೀವ. ಘನ ಮೀಟರಿಗೆ 80 ಕೆ.ಜಿ. ಸಾಂದ್ರತೆಯ ಪಿವಿಸಿ ಫೋಮ್ ತನ್ನಿ (ಬೋರ್ಡಿನ ಥರ್ಮಾಕೋಲ್ ಹೆಚ್ಚೆಂದರೆ 20ರಿಂದ 32 ಇರುತ್ತದೆ). ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಗುಂಡಿಗಿಂತ ಸುತ್ತಲೂ 1 ಮಿ.ಮೀ. ಸಣ್ಣದಾಗುವಂತೆ ಕತ್ತರಿಸಿ. ಚದರ ಮೀಟರಿಗೆ 200 ಗ್ರಾಂ ತೂಗುವ ಗಾಜಿನ ಬಟ್ಟೆಯನ್ನು, ಎಳೆಗಳು 45 ಡಿಗ್ರಿ ಓರೆಯಾಗಿ ಬರುವಂತೆ, ನಾಲ್ಕು ಪಕ್ಕಗಳಿಗೂ ಸುತ್ತಿ. ಡೆಕ್ ಕಡೆ ಬಟ್ಟೆಯ ಅಂಚು ಬ್ಲಾಕಿನ ಅಡಿಗೆ ಮಡಚಿಕೊಳ್ಳಲಿ, ತಳದ ಕಡೆ 40 ಮಿ.ಮೀ. ಹೊರಗೆ ಉಳಿದು ಹೊದಿಕೆಯ ಮೇಲೆ ಮಲಗಲಿ. ಭಾರವನ್ನು ತಳದಿಂದ ಡೆಕ್ಕಿಗೆ ದಾಟಿಸುವುದು ಈ ನಿಂತ ಗೋಡೆಗಳೇ. ಓರೆ ಎಳೆ ಯಾಕೆಂದರೆ ಗೋಡೆಯ ಮೇಲೆ ಬೀಳುವುದು ಕತ್ತರಿಸುವಂಥ ಬಲ, ಅದು ಹರಿಯುವುದು ಓರೆಯಾಗಿ.

ಅಂಟಿಗಾಗಿ ಎಪಾಕ್ಸಿಗೆ ಕೊಲಾಯ್ಡಲ್ ಸಿಲಿಕಾ (ಎಪಾಕ್ಸಿಯನ್ನು ಮಂದ ಮಾಡುವ ನುಣ್ಣನೆಯ ಪುಡಿ) ಕಲಸಿ, ಕಡ್ಡಿಯಿಂದ ಜಾರದಷ್ಟು ಗಟ್ಟಿ ಮಾಡಿ. ಗುಂಡಿಯ ಪಕ್ಕ, ಅಡಿ ಸೇರಿ ಸುಮಾರು 0.2 ಚದರ ಮೀಟರ್, 1 ಮಿ.ಮೀ. ದಪ್ಪಕ್ಕೆ 200 ಮಿ.ಲೀ. ಅಂಟು ಬೇಕು. ನಾನು ಸುರಿದು ಕೆಟ್ಟ ಪ್ರಮಾಣಕ್ಕಿಂತ ತೀರಾ ಕಡಿಮೆಯೇನಲ್ಲ, ನೋಡಿ. ಆದರೆ ಇದು ತೆಳು ಪದರವಾಗಿ ಹರಡಿರುವುದರಿಂದ ಶಾಖ ಒಂದೆಡೆ ಕಟ್ಟಿಕೊಳ್ಳುವುದಿಲ್ಲ. ಕಲಸುವಾಗಲೂ ಇದೇ ನಿಯಮ: ಒಮ್ಮೆಗೆ 60 ಗ್ರಾಂ ಮೀರಬೇಡಿ, ಆಳವಾದ ಲೋಟದ ಬದಲು ಅಗಲ ತಟ್ಟೆ. ಡಬ್ಬಿಯ ಮೇಲೆ ಬರೆದ ನಿಮಿಷಗಳು ಸಾಮಾನ್ಯವಾಗಿ 100 ಗ್ರಾಂ ಮಿಶ್ರಣದ ಲೆಕ್ಕ, ದೊಡ್ಡ ಲೋಟದಲ್ಲಿ ಅದಕ್ಕಿಂತ ಬೇಗ ಹೊಗೆ ಬರುತ್ತದೆ. ಬಂದರೆ ಲೋಟವನ್ನು ಹೊರಗೆ ನೆಲದ ಮೇಲಿಡಿ, ಕಸದ ಬುಟ್ಟಿಗೆ ಹಾಕಬೇಡಿ.

ಅಳತೆಯ ವಿಷಯ ಒಂದು ಮಾತು. ಎರಡಕ್ಕೆ ಒಂದು ಎಂದು ಬರೆದಿದ್ದರೆ ಅದು ಅಳತೆಪಾತ್ರೆಯ ಲೆಕ್ಕವೋ ತಕ್ಕಡಿಯ ಲೆಕ್ಕವೋ ನೋಡಿ. ರೆಸಿನ್ ಹಾರ್ಡನರ್‌ಗಿಂತ ಭಾರ. ರೆಸಿನ್ ಮಿಲಿಲೀಟರಿಗೆ 1.15 ಗ್ರಾಂ, ಹಾರ್ಡನರ್ 0.95 ಗ್ರಾಂ ಇದ್ದರೆ, ಪಾತ್ರೆಯ 2:1 ತಕ್ಕಡಿಯಲ್ಲಿ 100ಕ್ಕೆ 41 ಆಗುತ್ತದೆ. 100ಕ್ಕೆ 50 ಹಾಕಿದವರ ಎಪಾಕ್ಸಿ ರಬ್ಬರಿನಂತೆ ಉಳಿಯುವುದು ಇದಕ್ಕೇ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚಿಗೆ ಸುರಿಯುವುದೂ ಅದೇ ಜಾತಿಯ ತಪ್ಪು.

ಬ್ಲಾಕ್ ಕೂತು ಒಂದು ದಿನವಾದ ಮೇಲೆ ರೌಟರ್‌ನಿಂದ (ಮರದಲ್ಲಿ ಕಾಲುವೆ ಕೊರೆಯುವ ಯಂತ್ರ) ಟ್ರ್ಯಾಕಿನ ಎರಡು ಕಾಲುವೆ ಕೊರೆಯಿರಿ, ಮಧ್ಯದಿಂದ ಮಧ್ಯಕ್ಕೆ 90 ಮಿ.ಮೀ. ಕಣ್ಣಂದಾಜು ಬೇಡ, 12 ಮಿ.ಮೀ. ಪ್ಲೈವುಡ್‌ನಲ್ಲಿ ಜಿಗ್, ಎಂದರೆ ರೌಟರ್ ದಾರಿ ತಪ್ಪದಂತೆ ಹಿಡಿಯುವ ಅಚ್ಚು, ಮಾಡಿಕೊಳ್ಳಿ. ಆಳ ನಿಮ್ಮ ಟ್ರ್ಯಾಕಿನ ಎತ್ತರಕ್ಕಿಂತ ಮುಕ್ಕಾಲು ಮಿ.ಮೀ. ಹೆಚ್ಚಿರಲಿ, ಮೇಲೆ ಬರುವ ಬಟ್ಟೆಗೆ ಅಷ್ಟು ಜಾಗ ಬೇಕು. ಟ್ರ್ಯಾಕಿನ ಹೊರಮೈಯನ್ನು 80 ನಂಬರ್ ಪೇಪರಿನಿಂದ ಚೆನ್ನಾಗಿ ಗೀರಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಇಲ್ಲಿ ಅಸಿಟೋನ್ ಬೇಡ, ಕೆಲವು ಪ್ಲಾಸ್ಟಿಕ್ಕುಗಳು ಅದು ತಾಗಿದರೆ ಕರಗುತ್ತವೆ. ಬಾಯಿಗೆ ಟೇಪ್ ಹಚ್ಚಿ, ಒಳಗಿನ ಟಿ-ನಟ್‌ಗಳಿಗೆ (ಮಾಸ್ಟಿನ ಬೋಲ್ಟ್ ಹಿಡಿಯುವ ನಟ್) ಗ್ರೀಸ್ ಸವರಿ. ಆಮೇಲೆ ಮಾಸ್ಟಿನ ಪ್ಲೇಟಿಗೆ ಪ್ಯಾಕಿಂಗ್ ಟೇಪ್ ಸುತ್ತಿ (ಎಪಾಕ್ಸಿ ಅದಕ್ಕೆ ಅಂಟುವುದಿಲ್ಲ), ಎರಡೂ ಟ್ರ್ಯಾಕುಗಳನ್ನು ಅದಕ್ಕೇ ಬೋಲ್ಟ್ ಮಾಡಿ, ಒಟ್ಟಾಗಿ ಕೂರಿಸಿ. ಒಂದೊಂದಾಗಿ ಕೂರಿಸಿದರೆ ಒಂದು ಕೂದಲೆಳೆಯಷ್ಟು ಮೇಲೆ ಕೆಳಗೆ ಆಗಿಯೇ ಆಗುತ್ತದೆ. ಪ್ಲೇಟ್ ಅಲ್ಲಾಡುತ್ತದೆ, ಬೋಲ್ಟ್ ಬಿಗಿ ಮಾಡಿದಾಗಲೆಲ್ಲ ಟ್ರ್ಯಾಕ್ ತಿರುಚುತ್ತದೆ, ಬಿರುಕು ಮತ್ತೆ ಅಲ್ಲಿಂದಲೇ ಶುರು. ಮಾಸ್ಟ್ ತಳಕ್ಕೆ ಲಂಬವಾಗಿದೆಯೇ ಎಂದು ಮೂಲೆಮಟ್ಟದಿಂದ ನೋಡಿಕೊಂಡು ಹಾಗೆಯೇ ಬಿಡಿ.

ಮೇಲಿನ ಹೊದಿಕೆಗೆ ಹಳೆಯ ಲ್ಯಾಮಿನೇಟಿನ ಅಂಚನ್ನು ಅದರ ದಪ್ಪದ 20 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ: 1.5 ಮಿ.ಮೀ. ದಪ್ಪಕ್ಕೆ 30 ಮಿ.ಮೀ. ಮೂರು ಪದರ ಬಟ್ಟೆ, ಪ್ರತಿಯೊಂದೂ ಹಿಂದಿನದಕ್ಕಿಂತ 25 ಮಿ.ಮೀ. ದೊಡ್ಡದು, ನಡುವಿನದು 45 ಡಿಗ್ರಿ. ಕೈಯಲ್ಲಿ ಹಚ್ಚುವಾಗ ಬಟ್ಟೆಯ ತೂಕದಷ್ಟೇ ಎಪಾಕ್ಸಿ ಸಾಕು, ಹೊಳೆಯುವಷ್ಟು ಬೇಡ. ಕಾರ್ಬನ್ ಬೇಕೇ ಬೇಕು ಎನ್ನುವವರು ಹಾಕಿಕೊಳ್ಳಿ, ಆದರೆ ಮಾಸ್ಟ್ ಅಲ್ಯೂಮಿನಿಯಂ ಆಗಿದ್ದರೆ ಕೊನೆಯ ಪದರ ಗಾಜಿನದಿರಲಿ. ಉಪ್ಪುನೀರಿನಲ್ಲಿ ಕಾರ್ಬನ್ ತಾಗಿದ ಅಲ್ಯೂಮಿನಿಯಂ ತಿಂದುಹೋಗುತ್ತದೆ. ವ್ಯಾಕ್ಯೂಮ್ ಬ್ಯಾಗ್ (ಗಾಳಿ ಎಳೆದು ಬಟ್ಟೆಯನ್ನು ಒತ್ತಿಹಿಡಿಯುವ ಚೀಲ) ಇದ್ದರೆ ಒತ್ತಡ 0.3 ಬಾರ್ ಸಾಕು, ಪೂರ್ತಿ ಎಳೆದರೆ ಥರ್ಮಾಕೋಲ್ ನಜ್ಜುಗುಜ್ಜು. ಇಲ್ಲದಿದ್ದರೆ ಪೀಲ್ ಪ್ಲೈ (ಗಟ್ಟಿಯಾದ ಮೇಲೆ ಸುಲಿದು ತೆಗೆಯುವ ಬಟ್ಟೆ) ಹಾಕಿ ಕೈಯಲ್ಲೇ ಒತ್ತಿ, ಇಷ್ಟಕ್ಕೆ ಪಂಪ್ ಕೊಳ್ಳಬೇಡಿ.

ಹೊತ್ತು ನೋಡಿ ಹಚ್ಚಿ. ಗ್ಯಾರೇಜ್ ಬಿಸಿಯೇರುತ್ತಿರುವ ಬೆಳಗ್ಗೆ ಹಚ್ಚಿದರೆ ಫೋಮಿನೊಳಗಿನ ಗಾಳಿ ಹಿಗ್ಗಿ ಬಟ್ಟೆಯ ಅಡಿಯಿಂದ ಗುಳ್ಳೆ ಏಳುತ್ತದೆ. ಇಳಿಹೊತ್ತಿನಲ್ಲಿ ಹಚ್ಚಿದರೆ ತಣಿಯುವ ಫೋಮ್ ಎಪಾಕ್ಸಿಯನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಮರುದಿನ ಮೇಲೆ ಮೇಣದಂಥ ಜಿಡ್ಡು ಕಂಡರೆ ಮೊದಲು ನೀರು ಹಾಕಿ ತಿಕ್ಕಿ ತೊಳೆಯಿರಿ, ಆಮೇಲೆ ಉಜ್ಜಿ. ಜಿಡ್ಡಿನ ಮೇಲೆಯೇ ಉಜ್ಜಿದರೆ ಅದನ್ನು ಒಳಕ್ಕೆ ತಳ್ಳಿದಂತೆ, ಮುಂದಿನ ಪದರ ಹಿಡಿಯುವುದಿಲ್ಲ. ಟ್ರ್ಯಾಕಿನ ಬಾಯಿಯನ್ನು ಚೂಪು ಅಲಗಿನಿಂದ ಬಿಡಿಸಿ, ಕತ್ತರಿಸಿದ ಅಂಚಿಗೆ ತೆಳುವಾಗಿ ಎಪಾಕ್ಸಿ ಸವರಿ. ಬಣ್ಣ ನಿಮ್ಮಿಷ್ಟ.

ಇದೆಲ್ಲದರ ಬದಲು ಹೊಸ ಬೋರ್ಡನ್ನೇ ಕಟ್ಟಿಬಿಡಲೇ ಎಂದೂ ಕೇಳಿದ್ದೀರಿ. ಡೆಕ್‌ನಲ್ಲಿ ಕಾಲಿಡುವ ಜಾಗವೇ ಕುಸಿದಿದ್ದರೆ, ಅಥವಾ ಎಷ್ಟು ಒಣಗಿಸಿದರೂ ತೂಕ ಇಳಿಯದಿದ್ದರೆ, ಕಟ್ಟಿ. ಇಲ್ಲದಿದ್ದರೆ ಬೇಡ. ಹೊಸ ಬೋರ್ಡಿನಲ್ಲೂ ಕಷ್ಟದ ಕೆಲಸ ಇದೇ ಬ್ಲಾಕ್, ಇದೇ ಟ್ರ್ಯಾಕ್. ಅದನ್ನು ಹಳೆಯದರ ಮೇಲೆ ಕಲಿಯಿರಿ.

25 ಡಿಗ್ರಿಯಲ್ಲಿ ಏಳು ದಿನ ಬಿಟ್ಟು ಮಾಸ್ಟ್ ಹಾಕಿ. ಬೋರ್ಡನ್ನು ಬೋರಲು ಹಾಕಿ, ಒಂದು ಕೈಯಲ್ಲಿ ಮಾಸ್ಟಿನ ತುದಿ ಹಿಡಿದು ಪಕ್ಕಕ್ಕೆ ತಳ್ಳುತ್ತಾ ಇನ್ನೊಂದು ಕೈಯ ಬೆರಳನ್ನು ಟ್ರ್ಯಾಕಿನ ಅಂಚಿನಲ್ಲಿಡಿ. ಹೊದಿಕೆ ಉಸಿರಾಡಿದರೆ ಬೆರಳಿಗೆ ಗೊತ್ತಾಗುತ್ತದೆ. ನೀರಿಗಿಳಿಸುವ ಮೊದಲು ವೆಂಟ್ ಸ್ಕ್ರೂ ಬಿಗಿ ಮಾಡಿ ತೂಕ ಬರೆದಿಟ್ಟುಕೊಳ್ಳಿ. ಮೊದಲ ಸಲ ಇಳಿಸಿ ತಂದು, ಟ್ರ್ಯಾಕಿನೊಳಗಿನ ನೀರು ಬಸಿದು, ಮೇಲೆಲ್ಲ ಒರೆಸಿ ಮತ್ತೆ ತೂಗಿ. 30 ಗ್ರಾಂ ಹೆಚ್ಚು ಬಂದಿದ್ದರೂ ಮತ್ತೆ ಇಳಿಸಬೇಡಿ, ಎಲ್ಲೋ ಇನ್ನೂ ಬಾಯಿ ತೆರೆದಿದೆ.