ಗೊತ್ತಿರುವ ಮುಖ, ಗೊತ್ತಿಲ್ಲದ ಮುಖ

ಓದುಗರ ಪತ್ರ: ನನ್ನ ತಮ್ಮನ ಇಪ್ಪತ್ತು ವರ್ಷ ಹಳೆಯ ಗುರುತಿನ ಚೀಟಿಯ ಫೋಟೊವನ್ನೂ ಈಗಿನ ಪಾಸ್‌ಪೋರ್ಟ್ ಫೋಟೊವನ್ನೂ ಹೋಲಿಸಿದ ತಜ್ಞರು, ‘ಒಂದೇ ವ್ಯಕ್ತಿ ಎಂಬುದಕ್ಕೆ ಸಾಧಾರಣ ಬೆಂಬಲವಿದೆ’ ಎಂದಷ್ಟೇ ಬರೆದುಕೊಟ್ಟಿದ್ದಾರೆ. ನಾನಾದರೆ ಒಂದೇ ನೋಟಕ್ಕೆ ಹೇಳುತ್ತೇನೆ. ಇದೆಂಥ ತಜ್ಞತೆ?

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನೀವು ಒಂದೇ ನೋಟಕ್ಕೆ ಹೇಳಬಲ್ಲಿರಿ, ಏಕೆಂದರೆ ಆತ ನಿಮ್ಮ ತಮ್ಮ. ನಗು, ಜ್ವರ, ನಿದ್ದೆಗಣ್ಣು, ಬೋಳಿಸಿದ ತಲೆ ಎಲ್ಲದರಲ್ಲೂ ಆ ಮುಖವನ್ನು ಕಂಡಿದ್ದೀರಿ. ತಜ್ಞರ ಮುಂದಿದ್ದದ್ದು ಎರಡು ಚಿತ್ರ ಮಾತ್ರ.

2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ಕೇಳಿ. ಇಬ್ಬರು ಡಚ್ ಖ್ಯಾತನಾಮರ ತಲಾ 20 ಫೋಟೊಗಳನ್ನು ಕಲಸಿ, ಅವರ ಪರಿಚಯವೇ ಇಲ್ಲದ ಬ್ರಿಟಿಷರ ಕೈಗೆ ಕೊಟ್ಟು, ಒಬ್ಬೊಬ್ಬರದು ಒಂದೊಂದು ಗುಡ್ಡೆ ಮಾಡಿ ಎಂದರು. ಅವರು ಸರಿಸುಮಾರು ಏಳೆಂಟು ಗುಡ್ಡೆ ಮಾಡಿದರು, ಕೆಲವರು ಅದಕ್ಕಿಂತಲೂ ಹೆಚ್ಚು! ಅವೇ ಫೋಟೊಗಳನ್ನು ಡಚ್ಚರು ಸಲೀಸಾಗಿ ಎರಡೇ ಗುಡ್ಡೆ ಮಾಡಿದರು. ದಿನವೂ ಇದೇ ಕೆಲಸ ಮಾಡುವವರ ಪಾಡೂ ಅಷ್ಟೇ. 2014ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳನ್ನು ಪರೀಕ್ಷಿಸಿದ ವರದಿ ಬಂತು: ಎದುರಿಗೆ ನಿಂತವರದಲ್ಲದ ಫೋಟೊಗಳಲ್ಲಿ ಶೇ 14ರಷ್ಟನ್ನು ಅವರು ‘ಸರಿ’ ಎಂದು ಒಪ್ಪಿದ್ದರು. ಸೇವೆಯ ವರ್ಷಗಳು ಹೆಚ್ಚಿದ್ದರೂ ಪ್ರಯೋಜನ ಕಾಣಲಿಲ್ಲ.

ನನ್ನವೇ ಎರಡು ಗುರುತಿನ ಚೀಟಿಗಳನ್ನು ಮೇಜಿನ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಂದರಲ್ಲಿ ಮೂಗು ಮುಂದೆ ಬಂದಿದೆ, ಕಿವಿ ಕೆನ್ನೆಯ ಹಿಂದೆ ಅಡಗಿವೆ. ಇನ್ನೊಂದರಲ್ಲಿ ಮೂಗು ತೆಪ್ಪಗಿದೆ, ಕಿವಿಗಳದ್ದೇ ದರ್ಬಾರು. ಬದಲಾಗಿದ್ದು ಮುಖವಲ್ಲ, ಕ್ಯಾಮೆರಾ ನಿಂತ ದೂರ. ತೀರಾ ಹತ್ತಿರದಿಂದ ತೆಗೆದರೆ ಮೂಗು ಉಬ್ಬುತ್ತದೆ. ಕಣ್ಣಿಂದ ಕಣ್ಣಿಗೆ ಇಷ್ಟು ಮಿಲಿಮೀಟರ್ ಎಂದು ಸ್ಕೇಲು ಹಿಡಿದು ಅಳೆಯುವುದನ್ನು ಬಲ್ಲವರು ನೆಚ್ಚಿಕೊಳ್ಳದಿರುವುದು ಇದಕ್ಕೇ.

ಅವರು ಮಾಡುವುದು ಅಂಗ ಅಂಗವಾಗಿ ನೋಡುವ ಕೆಲಸ. ಮೊದಲು ಒಂದೊಂದೇ ಫೋಟೊದಲ್ಲಿ ಏನು ಕಾಣುತ್ತದೆ, ಏನನ್ನು ಮೊಹರು ಅಥವಾ ಲ್ಯಾಮಿನೇಶನ್ ಮುಚ್ಚಿದೆ ಎಂದು ಬರೆದುಕೊಳ್ಳುತ್ತಾರೆ. ಆಮೇಲಷ್ಟೇ ಪಕ್ಕಪಕ್ಕ ಇಟ್ಟು ಹೋಲಿಕೆ. ಮಚ್ಚೆ, ಗಾಯದ ಗುರುತುಗಳಿಗೆ ತೂಕ ಹೆಚ್ಚು. ಕಿವಿಯೂ ದೊಡ್ಡ ಸಾಕ್ಷಿ: ಹೊರಅಂಚಿನ ಮಡಿಕೆ, ಹಾಲೆ ಕೆನ್ನೆಗೆ ಅಂಟಿದೆಯೋ ಜೋತಿದೆಯೋ, ಎಲ್ಲವನ್ನೂ ನೋಡುತ್ತಾರೆ. ವ್ಯತ್ಯಾಸ ಕಂಡರೆ ಅದು ವಯಸ್ಸಿನದೋ, ಬೆಳಕಿನದೋ, ಮೈತೂಕದ್ದೋ ಎಂಬ ವಿಚಾರಣೆ. ಯಾವುದಕ್ಕೂ ಒಗ್ಗದ ಒಂದೇ ವ್ಯತ್ಯಾಸ ಹತ್ತು ಹೋಲಿಕೆಗಳನ್ನು ಬೀಳಿಸಬಹುದು. ಕೊನೆಗೆ ಇನ್ನೊಬ್ಬ ತಜ್ಞರ ತಪಾಸಣೆ.

ಇಷ್ಟಾದರೂ ‘ಶೇ 99’ ಎಂದು ಬರೆಯಲಾಗದು. ಅಂಥ ಹುಬ್ಬು, ಅಂಥ ಗಲ್ಲ ಎಷ್ಟು ಜನರಿಗಿದೆ ಎಂಬ ಭರವಸೆಯ ಲೆಕ್ಕ ಅವರ ಬಳಿ ಇಲ್ಲ. ಅದಕ್ಕೇ ‘ಸಾಧಾರಣ ಬೆಂಬಲ’, ‘ಬಲವಾದ ಬೆಂಬಲ’ ಎಂಬ ಮೆಟ್ಟಿಲುಗಳು. ಖಡಾಖಂಡಿತ ಬರೆದುಕೊಟ್ಟಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಕಂಪ್ಯೂಟರಿಗೇ ಒಪ್ಪಿಸಬಾರದೇ ಎನ್ನುತ್ತೀರೇನೋ. 2018ರ ಒಂದು ಅಧ್ಯಯನದಲ್ಲಿ ಅತ್ಯುತ್ತಮ ಫಲ ಕೊಟ್ಟಿದ್ದು ಒಬ್ಬ ತಜ್ಞ ಮತ್ತು ಒಂದು ಯಂತ್ರದ ಜೋಡಿ.

ನಿಮ್ಮಿಂದಾಗುವ ಕೆಲಸವೊಂದಿದೆ. ಹಳೆಯ ಚೀಟಿಯ ಜೆರಾಕ್ಸ್ ಕೊಟ್ಟಿದ್ದರೆ ಮೂಲವನ್ನೇ ಕೊಡಿ. ನಡುವಿನ ವರ್ಷಗಳ ನಾಲ್ಕಾರು ಫೋಟೊ ಹುಡುಕಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸದೆ, ಇದ್ದ ಹಾಗೇ ಮುಟ್ಟಿಸಿ. ತಮ್ಮನ ಕಿವಿ ಕಾಣುವಂಥವಾದರೆ ಇನ್ನೂ ಒಳ್ಳೆಯದು.